ಲ್ಯಾಬ್ ಇರುವ ದಿನ ಮಾತ್ರ ಬರುವ ತಲೆನೋವು

ಚೈತ್ರಾಳನ್ನು ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕಳುಹಿಸಿದವರು ಕಣ್ಣಿನ ವೈದ್ಯರು. ಎರಡು ತಿಂಗಳಲ್ಲಿ ಮೂರು ಬಾರಿ ಅವಳ ಕಣ್ಣಿನ ತಪಾಸಣೆ ಆಗಿತ್ತು, ಮೂರು ಸಲವೂ ದೋಷವಿಲ್ಲ ಎಂದೇ ಬಂದಿತ್ತು. ಕೊನೆಯ ಸಲ ವೈದ್ಯರು ತಾಯಿಯನ್ನು ಕೇಳಿದರಂತೆ: "ತಲೆನೋವು ಯಾವ ಯಾವ ದಿನ ಬರುತ್ತದೆ?" ತಾಯಿ ನೆನಪು ಮಾಡಿಕೊಂಡು "ಮಂಗಳವಾರ, ಶುಕ್ರವಾರ" ಎಂದರು. ಮಂಗಳವಾರ, ಶುಕ್ರವಾರ ಎಂದರೆ ನಮ್ಮ ಹಳ್ಳಿಗಳಲ್ಲಿ ಅಮ್ಮನವರ ದಿನ. ಆ ತಾಯಿ ಆಗಲೇ ದೇವಸ್ಥಾನಕ್ಕೆ ಹೋಗಿ ಮಗಳ ತೋಳಿಗೆ ತಾಯತ ಕಟ್ಟಿಸಿದ್ದರು. ಮಂಗಳವಾರ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಇದೆ, ಶುಕ್ರವಾರ ಲ್ಯಾಬ್ ರೆಕಾರ್ಡ್ ತೋರಿಸಿ ಸಹಿ ಹಾಕಿಸಬೇಕು ಎಂಬುದು ಅವರಿಗೆ ತಿಳಿದಿರಲಿಲ್ಲ.

ಇಲ್ಲಿ ಹೆಸರನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಹುಡುಗಿಯೂ ಅವಳ ತಂದೆತಾಯಿಯೂ ಒಪ್ಪಿಗೆ ಕೊಟ್ಟಿದ್ದಾರೆ.

ಚೈತ್ರಾ ತಾಲ್ಲೂಕು ಕೇಂದ್ರದ ಒಂದು ಕಾಲೇಜಿನಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದಳು. ಪಿಸಿಎಂಸಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಗಣಕ ವಿಜ್ಞಾನ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 571 ಅಂಕ. ಊರಿನವರು ಶಾಲು ಹೊದಿಸಿದ್ದರು. ಮಧ್ಯಾವಧಿ ಪರೀಕ್ಷೆಯಲ್ಲಿ ಗಣಕ ವಿಜ್ಞಾನದಲ್ಲಿ ಬಂದದ್ದು 70ಕ್ಕೆ 14. ಆ ಉತ್ತರಪತ್ರಿಕೆಯನ್ನು ಅವಳು ಮನೆಯಲ್ಲಿ ಯಾರಿಗೂ ತೋರಿಸಿರಲಿಲ್ಲ.

ಮೊದಲ ಭೇಟಿಯಲ್ಲಿ ತಾಯಿ ಮಾತನಾಡಿದರು, ಅವಳು ಕೆಳಗೆ ನೋಡುತ್ತ ಕುಳಿತಿದ್ದಳು. ತಾಯಿಯನ್ನು ಹೊರಗೆ ಕೂರಿಸಿ ನಾವಿಬ್ಬರೇ ಆದ ಮೇಲೆ ಬಹಳ ಹೊತ್ತು ಮೌನ. ಆಮೇಲೆ ಅವಳು ಹೇಳಿದ ಮೊದಲ ಮಾತು: "ಮೇಡಂ, ನನಗೆ ಬುದ್ಧಿಯೇ ಇಲ್ಲ ಎಂದು ಈಗ ಗೊತ್ತಾಯಿತು. ಹತ್ತನೆಯ ತರಗತಿಯಲ್ಲಿ ಸುಮ್ಮನೆ ಬಾಯಿಪಾಠ ಮಾಡಿದ್ದೆ."

ಹದಿನಾರು ವರ್ಷದ ಮಗುವಿನ ಬಾಯಿಂದ ಇಂಥ ಮಾತು ಬಂದಾಗ ನಾನು ಕೇಳಲೇಬೇಕಾದ ಒಂದು ಪ್ರಶ್ನೆ ಇರುತ್ತದೆ, ಸುತ್ತಿ ಬಳಸದೆ ಕೇಳುತ್ತೇನೆ. ಸಾಯಬೇಕು ಎನ್ನಿಸಿದೆಯೇ ಎಂದು ಕೇಳಿದೆ. ಇಲ್ಲ ಎಂದಳು, ಆದರೆ ಬಸ್ಸಿನಲ್ಲಿ ಕೂತಾಗ ಕಾಲೇಜಿನ ನಿಲ್ದಾಣದಲ್ಲಿ ಇಳಿಯದೆ ಹಾಗೆಯೇ ಎಲ್ಲಿಗಾದರೂ ಹೋಗಿಬಿಡಬೇಕು ಅನ್ನಿಸುತ್ತದೆ ಎಂದಳು. ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416 ಅನ್ನು ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವಳಿಂದಲೇ ಬರೆಸಿದೆ. ಹಾಗೆ ಅನ್ನಿಸಿದ ದಿನ ಅಮ್ಮನಿಗೆ ಅಥವಾ ನನಗೆ ಹೇಳಬೇಕು ಎಂಬ ಒಪ್ಪಂದವನ್ನೂ ಮಾಡಿಕೊಂಡೆವು.

ನಿಧಾನವಾಗಿ ಒಂದೊಂದೇ ವಿಷಯ ಹೊರಗೆ ಬಂತು. ಅವಳ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕೊಠಡಿ ಇತ್ತು. ಬಾಗಿಲಿಗೆ ಬೀಗ ಇತ್ತು, ಯಂತ್ರಗಳ ಮೇಲೆ ಬಟ್ಟೆ ಹೊದಿಸಿತ್ತು. ಮೂರು ವರ್ಷದಲ್ಲಿ ಅವಳು ಒಳಗೆ ಹೋದದ್ದು ಎರಡು ಸಲ, ಎರಡೂ ಸಲ ಕಸ ಗುಡಿಸಲು. ಕಾಲೇಜಿಗೆ ಬಂದ ಮೇಲೆ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂವರು. ಮೊದಲ ದಿನ ಕೀಲಿಮಣೆಯ ಮುಂದೆ ಕುಳಿತ ಹುಡುಗ ನವೆಂಬರ್ ಬಂದರೂ ಅಲ್ಲೇ ಕುಳಿತಿದ್ದ, ಇವಳು ಅವನ ಹಿಂದೆ ನಿಂತು ನೋಡುತ್ತಿದ್ದಳು. ಒಂದು ದಿನ ಉಪನ್ಯಾಸಕರು "ನೀನು ಮಾಡು" ಎಂದು ಕೂರಿಸಿದಾಗ ದೊಡ್ಡ ಅಕ್ಷರ ಬರುವುದು ಹೇಗೆಂದು ತಿಳಿಯದೆ ಕೈ ನಡುಗಿತು. ಹಿಂದೆ ಯಾರೋ ನಕ್ಕರು. ಮುಂದಿನ ಮಂಗಳವಾರದಿಂದ ತಲೆನೋವು ಶುರುವಾಯಿತು.

ತಲೆನೋವು ನಾಟಕವಾಗಿರಲಿಲ್ಲ. ಇದನ್ನು ತಂದೆತಾಯಿಗೆ ಒತ್ತಿ ಹೇಳಬೇಕಾಯಿತು. ಮನಸ್ಸು ಹೇಳಲಾರದ್ದನ್ನು ದೇಹ ಹೇಳುತ್ತದೆ, ನೋವು ನಿಜವಾಗಿಯೂ ನೋಯುತ್ತದೆ.

ಇನ್ನೊಂದು ಸಂಗತಿ ಹೊರಬಂದದ್ದು ಎರಡನೆಯ ಭೇಟಿಯಲ್ಲಿ, ತಾಯಿಯ ಬಾಯಿಂದ. ಕಂಪ್ಯೂಟರ್ ತೆಗೆದುಕೊಂಡರೆ ಬೆಂಗಳೂರಿನಲ್ಲಿ ಕೆಲಸ ಖಂಡಿತ ಎಂದು ಸಂಬಂಧಿಕರೊಬ್ಬರು ಹೇಳಿದ್ದನ್ನು ನಂಬಿ, ತಾಯಿಯ ಸರವನ್ನು ಗಿರವಿ ಇಟ್ಟು ಲ್ಯಾಪ್‌ಟಾಪ್ ತಂದಿದ್ದರು. ಆಯುಧಪೂಜೆಯ ದಿನ ಅದರ ಮುಚ್ಚಳಕ್ಕೆ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು ಪೂಜಿಸಿದರು. "ಕುಂಕುಮ ಹಾಗೆಯೇ ಇದೆ ಮೇಡಂ, ಇವಳು ಮುಟ್ಟಿಯೇ ಇಲ್ಲ" ಎಂದರು ತಾಯಿ. ಚೈತ್ರಾ ಅಳಲು ಶುರು ಮಾಡಿದಳು. ಲ್ಯಾಪ್‌ಟಾಪ್ ಇಟ್ಟಿದ್ದ ಬೀರು ತೆರೆದಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ಅಮ್ಮನ ಬರಿಗೊರಳು.

ನನ್ನ ಒಂದು ಆತುರವನ್ನು ಇಲ್ಲಿ ಹೇಳಬೇಕು. ಮೊದಲ ಭೇಟಿ ಮುಗಿದಾಗ ನನಗೆ ತೋಚಿದ್ದು, ಈ ಮಗುವಿಗೆ ಈ ವಿಷಯ ಬೇಡ, ಕಾಂಬಿನೇಷನ್ ಬದಲಿಸಿದರೆ ಸಾಕು ಎಂದು. ಅದರ ಅವಧಿ ಆಗಲೇ ಮುಗಿದಿತ್ತು. ವಾಣಿಜ್ಯಕ್ಕೆ ಹೋಗುವುದಾದರೆ ಮುಂದಿನ ಜೂನ್‌ನಲ್ಲಿ ಮತ್ತೆ ಪ್ರಥಮ ವರ್ಷ. ಅವಧಿ ಮುಗಿದಿದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ. ಇಲ್ಲದಿದ್ದರೆ ಅವಳ ನೋಟ್‌ಬುಕ್ಕನ್ನು ತೆರೆದು ನೋಡದೆ ತೀರ್ಪು ಕೊಟ್ಟುಬಿಡುತ್ತಿದ್ದೆ.

ನೋಟ್‌ಬುಕ್ ನೋಡಿದ್ದು ಮೂರನೆಯ ಭೇಟಿಯಲ್ಲಿ. ದುಂಡಾದ ಅಕ್ಷರ, ಕೆಂಪು ಶಾಯಿಯ ಅಂಚು, ಪ್ರತಿ ಸಾಲೂ ಆ ಅಂಚಿಗೆ ಅಂಟಿಕೊಂಡು ಶುರುವಾಗಿತ್ತು. ಕಾಪಿ ಬರೆಯುವಾಗ ಕಲಿತ ಶಿಸ್ತು ಅದು. ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಹಾಗಾಗಿ ಚೈತ್ರಾಳ ಒಪ್ಪಿಗೆ ಪಡೆದು ಅವಳ ಉಪನ್ಯಾಸಕರನ್ನು ಭೇಟಿಯಾಗಿ ನೋಟ್‌ಬುಕ್ ತೋರಿಸಿದೆ. ಅವರು ಎರಡು ಪುಟ ತಿರುವಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಈಗ ಪಿಯುಸಿಯಲ್ಲಿ ಕಲಿಸುವ ಭಾಷೆ ಪೈಥಾನ್, ಹಿಂದೆ ಸಿ ಪ್ಲಸ್ ಪ್ಲಸ್ ಇತ್ತು. ಹಳೆಯದರಲ್ಲಿ ಯಾವ ಸಾಲುಗಳು ಒಟ್ಟಿಗೆ ಸೇರುತ್ತವೆ ಎಂಬುದನ್ನು ಆವರಣ ಚಿಹ್ನೆಗಳು ಹೇಳುತ್ತಿದ್ದವು. ಪೈಥಾನ್‌ನಲ್ಲಿ ಆ ಕೆಲಸ ಮಾಡುವುದು ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗ. "ಇಫ್" ಎಂದು ಬರೆದು ಮುಂದಿನ ಸಾಲನ್ನು ಒಳಕ್ಕೆ ಸರಿಸದಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಉಪನ್ಯಾಸಕರು ಕಪ್ಪುಹಲಗೆಯ ಮೇಲೆ ಬಿಟ್ಟ ಜಾಗವನ್ನು ಇವಳು ಅವಸರದ ಬರವಣಿಗೆಯ ಓರೆ ಎಂದು ತಿಳಿದು, ಎಲ್ಲ ಸಾಲುಗಳನ್ನೂ ನೇರ ಮಾಡಿ, ಅಂದವಾಗಿ ಬರೆದುಕೊಂಡಿದ್ದಳು. ಬಾಯಿಪಾಠ ಮಾಡಿದ್ದೂ ಹಾಗೆಯೇ. ಪರದೆಯ ಮೇಲೆ ಬರುತ್ತಿದ್ದ ಇಂಗ್ಲಿಷ್ ದೋಷಸೂಚನೆಯನ್ನು ಅವಳು ಓದಿ ನೋಡುತ್ತಲೇ ಇರಲಿಲ್ಲ; ಕೆಂಪು ಅಕ್ಷರ ಕಂಡರೆ ಬೈಗುಳ ಕೇಳಿದಂತಾಗುತ್ತಿತ್ತಂತೆ.

"ಇದು ನನ್ನ ತಪ್ಪು. ಆ ಜಾಗವೂ ವ್ಯಾಕರಣ ಎಂದು ನಾನು ಬಾಯಿಬಿಟ್ಟು ಹೇಳಿರಲೇ ಇಲ್ಲ" ಎಂದರು ಆ ಉಪನ್ಯಾಸಕರು. ಇಷ್ಟು ನೇರವಾಗಿ ಒಪ್ಪಿಕೊಂಡ ಅವರ ಬಗ್ಗೆ ನನಗೆ ಗೌರವವಿದೆ.

ನಾಲ್ಕನೆಯ ಭೇಟಿಯಲ್ಲಿ ಮನೆಯ ಬಗ್ಗೆ ಮಾತನಾಡುತ್ತಿದ್ದಾಗ, ಮನೆಯಲ್ಲಿ ಎರಡು ಹಸು, ದಿನಕ್ಕೆ ಎರಡು ಹೊತ್ತು ಡೈರಿಗೆ ಹಾಲು ಹಾಕುವುದು, ಚೀಟಿ ನೋಡಿ ಲೆಕ್ಕ ಇಡುವುದು ತನ್ನ ಕೆಲಸ ಎಂದಳು. ಚೀಟಿಯಲ್ಲಿ ಏನೇನು ಇರುತ್ತದೆ ಎಂದು ಕೇಳಿದೆ. ತಡೆಯಿಲ್ಲದೆ ಹೇಳಿದಳು: ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ದರ, ಮೊತ್ತ. ಫ್ಯಾಟ್ ಇಳಿದರೆ ದರವೂ ಇಳಿಯುತ್ತದೆ. ಒಮ್ಮೆ ಬೆಳಗಿನ ಹಾಲು ಬೇರೊಬ್ಬರ ಸಂಖ್ಯೆಗೆ ಜಮಾ ಆಗಿದ್ದನ್ನು ಹಿಡಿದವಳೂ ಇವಳೇ. "ಆ ಚೀಟಿಯನ್ನು ಬರೆಯುವವರು ಯಾರು?" ಎಂದೆ. "ಬರೆಯುವುದಿಲ್ಲ ಮೇಡಂ, ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್..." ಎಂದವಳು ಅಲ್ಲೇ ನಿಂತಳು. ಮೊದಲ ಬಾರಿಗೆ ನನ್ನ ಮುಖ ನೋಡಿದಳು.

ಒಂದು ಹಾಳೆ ಕೊಟ್ಟೆ. ಡೈರಿಯ ಆ ಕಂಪ್ಯೂಟರ್ ಏನು ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ, ಒಂದು ಸಾಲಿಗೆ ಒಂದು ಕೆಲಸದಂತೆ ಬರೆಯಲು ಹೇಳಿದೆ. ಲೀಟರ್ ತೆಗೆದುಕೋ. ಫ್ಯಾಟ್ ತೆಗೆದುಕೋ. ಫ್ಯಾಟ್ ಇಷ್ಟಕ್ಕಿಂತ ಕಡಿಮೆ ಇದ್ದರೆ ದರ ಇಷ್ಟು, ಇಲ್ಲದಿದ್ದರೆ ಇಷ್ಟು. ಮೊತ್ತ ಎಂದರೆ ಲೀಟರ್ ಗುಣಿಸು ದರ. ಚೀಟಿ ಮುದ್ರಿಸು. "ಇದ್ದರೆ" ಎಂಬುದರ ಕೆಳಗಿನ ಸಾಲನ್ನು ಅವಳೇ, ಯಾರೂ ಹೇಳದೆ, ಒಳಕ್ಕೆ ಸರಿಸಿ ಬರೆದಿದ್ದಳು.

ಆ ಹಾಳೆಯನ್ನು ಅವಳು ಉಪನ್ಯಾಸಕರಿಗೆ ತೋರಿಸಿದಳು. ಪೈಥಾನ್‌ನಲ್ಲಿ ಆಜ್ಞಾಪದಗಳು ಮಾತ್ರ ಇಂಗ್ಲಿಷಿನಲ್ಲಿರಬೇಕು, ಲೆಕ್ಕದ ಸಂಖ್ಯೆಗಳಿಗೆ ನಾವು ಕೊಡುವ ಹೆಸರು ಕನ್ನಡ ಲಿಪಿಯಲ್ಲಿದ್ದರೂ ನಡೆಯುತ್ತದೆ ಎಂದು ಅವರು ಹೇಳಿದರಂತೆ. ನನಗೂ ಇದು ಹೊಸ ವಿಷಯ. ಕನ್ನಡ ಕೀಲಿಮಣೆ ಹೊಂದಿಸಿಕೊಟ್ಟು "ಲೀಟರ್", "ದರ", "ಮೊತ್ತ" ಎಂದೇ ಬರೆಸಿದರು; ಪರೀಕ್ಷೆಗೆ ಇಂಗ್ಲಿಷ್ ಹೆಸರುಗಳನ್ನು ರೂಢಿಸಿಕೋ ಎಂದೂ ಎಚ್ಚರಿಸಿದರು. ಆ ಪ್ರೋಗ್ರಾಂ ಓಡಿದ ದಿನ ಮಂಗಳವಾರ.

ಇನ್ನು ನಾನು ಕೊಟ್ಟ ಸಲಹೆಗಳು. ಚೈತ್ರಾಳಿಗೆ ಹೇಳಿದ್ದು ಇಷ್ಟು. ಭಾಷೆ, ಯಂತ್ರ, ವಿಷಯ ಇವು ಮೂರೂ ಬೇರೆ ಬೇರೆ ತೊಡಕುಗಳು. ಮೂರನ್ನೂ ಒಂದೇ ಗಂಟು ಮಾಡಿ "ನನಗೆ ಬುದ್ಧಿ ಇಲ್ಲ" ಎಂಬ ಹೆಸರು ಕೊಡಬೇಡ. ಯಂತ್ರದ ಭಯ ಹೋಗುವುದು ಬೆರಳಿನಿಂದ, ಆದ್ದರಿಂದ ದಿನಕ್ಕೆ ಇಪ್ಪತ್ತು ನಿಮಿಷ ಲ್ಯಾಪ್‌ಟಾಪಿನಲ್ಲಿ ಏನನ್ನಾದರೂ ಟೈಪ್ ಮಾಡು, ಊರಿನ ಸುದ್ದಿಯಾದರೂ ಸರಿ. ಪ್ರೋಗ್ರಾಂ ಬಾಯಿಪಾಠ ಮಾಡಬೇಡ. ಪ್ರತಿ ಸಾಲಿನ ನಂತರ ಯಾವ ಹೆಸರಿನಲ್ಲಿ ಯಾವ ಸಂಖ್ಯೆ ಇದೆ ಎಂದು ಕಾಗದದ ಮೇಲೆ ಕೋಷ್ಟಕ ಹಾಕು. ಡ್ರೈ ರನ್ ಎಂದು ಅವರು ಕರೆಯುವುದು ಇದನ್ನೇ, ವಿದ್ಯುತ್ ಇಲ್ಲದಾಗಲೂ ಮಾಡಬಹುದು. ದೋಷಸೂಚನೆ ಬಂದಾಗ ಕೊನೆಯ ಸಾಲನ್ನು ಮೊದಲು ಓದು. ಹೊಸ ಇಂಗ್ಲಿಷ್ ಪದಕ್ಕೆ ನಿನ್ನದೇ ಕನ್ನಡ ವಿವರಣೆ ಬರೆದಿಡು, ನಿಘಂಟಿನ ಅರ್ಥ ಬೇಡ.

ಉಪನ್ಯಾಸಕರನ್ನು ಕೇಳಿಕೊಂಡದ್ದು ಒಂದೇ: ಲ್ಯಾಬಿನಲ್ಲಿ ಕೀಲಿಮಣೆಯ ಸರದಿ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಜಾಗ ಬದಲಿಸುವ ನಿಯಮವನ್ನು ಎಲ್ಲ ತಂಡಗಳಿಗೂ ತಂದರು. ಹಿಂದೆ ನಿಂತು ನೋಡುತ್ತಿದ್ದವಳು ಇವಳೊಬ್ಬಳೇ ಅಲ್ಲ, ಬಹುತೇಕ ಹುಡುಗಿಯರು ಹಾಗೆಯೇ ಇದ್ದರು ಎಂಬುದು ಆಗ ಅವರಿಗೂ ಕಂಡಿತು. ಒಂದು ಯಂತ್ರಕ್ಕೆ ಮೂವರು ಇರುವ ಕಡೆಗಳಲ್ಲಿ ಇದು ನಡೆಯುತ್ತಲೇ ಇರುತ್ತದೆ, ಇದನ್ನು ಸರಿಪಡಿಸಲು ದುಡ್ಡು ಬೇಕಿಲ್ಲ, ಗಡಿಯಾರ ಸಾಕು. ನನಗೆ ಈ ವಿಷಯದಲ್ಲಿ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ತಂದೆತಾಯಿಯ ಜೊತೆ ಹೆಚ್ಚು ಹೊತ್ತು ಕಳೆದೆ. ಸರದ ಬಡ್ಡಿಯ ಮಾತು ಮಗಳ ಮುಂದೆ ಬೇಡ ಎಂದೆ. ತಂದೆ ಒರಟಾಗಿ "ಸಾಲ ಇದೆ ಎಂದರೆ ತಪ್ಪೇ?" ಎಂದರು. ತಪ್ಪಲ್ಲ, ಆದರೆ ಹೊತ್ತುಕೊಳ್ಳಬೇಕಾದವರು ನೀವು, ಅವಳಲ್ಲ ಎಂದೆ. ಆಮೇಲೆ ಅವರಿಗೆ ಯಾರೂ ಹೇಳಿರದ ಕೆಲವು ಸಂಗತಿ ತಿಳಿಸಿದೆ. ಎಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಪಡೆಯಲು ಪಿಯುಸಿಯಲ್ಲಿ ಆ ವಿಷಯ ಓದಿರಲೇಬೇಕೆಂದಿಲ್ಲ. ಸಿಇಟಿ ಎಂಬ ಪ್ರವೇಶ ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ತಲಾ 60 ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ಸಿಇಟಿಯದು, ಇನ್ನರ್ಧ ದ್ವಿತೀಯ ಪಿಯುಸಿಯ ಅದೇ ಮೂರು ವಿಷಯಗಳದು. ಗಣಕ ವಿಜ್ಞಾನದ ಅಂಕ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ಓದಿದ್ದು ವ್ಯರ್ಥವಲ್ಲ. ಮುಂದೆ ಎಂಜಿನಿಯರಿಂಗ್ ಆಗಲಿ, ಬಿಸಿಎ ಆಗಲಿ, ಕಂಪ್ಯೂಟರ್ ಓದುವವರಿಗೆ ಮೊದಲ ವರ್ಷ ಕಾಲೂರಲು ನೆಲ ಸಿಗುತ್ತದೆ. ಇನ್ನೊಂದು ಕಡೆ, ಜೀವಶಾಸ್ತ್ರ ಬಿಟ್ಟವರಿಗೆ ವೈದ್ಯಕೀಯ, ಕೃಷಿ ಪದವಿಗಳ ದಾರಿ ಕಠಿಣವಾಗುತ್ತದೆ. ಇವನ್ನೆಲ್ಲ ಮೇ ತಿಂಗಳಲ್ಲಿ, ಅರ್ಜಿ ತುಂಬುವ ಮೊದಲು ಕೇಳಬೇಕಿತ್ತು. ನವೆಂಬರ್‌ನಲ್ಲಿ ನನ್ನೆದುರು ಕುಳಿತು ಕೇಳುವಂತಾಯಿತು.

ದ್ವಿತೀಯ ಪಿಯುಸಿಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು ಎಂದಾಗ ತಂದೆಯ ಮುಖ ಸ್ವಲ್ಪ ಸಡಿಲವಾಯಿತು. "ಹಾಗಾದರೆ ಒಂದು ಸಲ ಎಡವಿದರೆ ಮುಗಿಯಿತು ಎಂದಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು.

ವಾರ್ಷಿಕ ಪರೀಕ್ಷೆಯಲ್ಲಿ ಚೈತ್ರಾಳಿಗೆ ಗಣಕ ವಿಜ್ಞಾನದ ಬರವಣಿಗೆಯಲ್ಲಿ 70ಕ್ಕೆ 43, ಪ್ರಾಯೋಗಿಕದಲ್ಲಿ 30ಕ್ಕೆ 27 ಬಂತು. ಭೌತಶಾಸ್ತ್ರದಲ್ಲಿ ಅನುತ್ತೀರ್ಣಳಾಗಿ ಪೂರಕ ಪರೀಕ್ಷೆ ಬರೆದು ಪಾಸಾದಳು. ಇಂಗ್ಲಿಷಿನ ತೊಡಕು ಅಲ್ಲಿ ಇನ್ನೂ ಇದೆ. ತಲೆನೋವು ಜನವರಿಯಲ್ಲಿ ಒಮ್ಮೆ ಮರಳಿ ಬಂದಿತ್ತು, ಪರೀಕ್ಷೆಯ ಹಿಂದಿನ ದಿನವೂ ಬಂದಿತ್ತು. ಸರ ಇನ್ನೂ ಗಿರವಿಯಲ್ಲಿದೆ. ಎಂಜಿನಿಯರಿಂಗೋ ಬಿಸಿಎಯೋ ಎಂಬುದನ್ನು ಅವಳು ತೀರ್ಮಾನಿಸಿಲ್ಲ, ನಾನೂ ಅವಸರಪಡಿಸಿಲ್ಲ.

ಈ ಸಲದ ಆಯುಧಪೂಜೆಯ ಸಂಜೆ ತಾಯಿ ಫೋನ್ ಮಾಡಿದರು. ಪೂಜೆಗೆ ಇಟ್ಟ ವಸ್ತುವನ್ನು ಮರುದಿನದವರೆಗೆ ಮುಟ್ಟಬಾರದು, ಇವಳು ರೆಕಾರ್ಡ್ ಮುಗಿಸಬೇಕು ಎಂದು ಲ್ಯಾಪ್‌ಟಾಪ್ ಕೇಳುತ್ತಿದ್ದಾಳೆ, ನೀವಾದರೂ ಬುದ್ಧಿ ಹೇಳಿ ಮೇಡಂ ಎಂದರು. ಹಿಂದಿನಿಂದ ಚೈತ್ರಾಳ ಜೋರು ದನಿ ಕೇಳಿಸುತ್ತಿತ್ತು. ಒಂದು ರಾತ್ರಿ ತಾನೇ, ಕಾಗದದ ಮೇಲೆ ಬರೆದುಕೊಳ್ಳಲಿ ಎಂದೆ.