ಹೂವಿಗೆ ದುಡ್ಡು ಕೇಳಲಾಗದ ಸುಮತಿ

“ನಿದ್ರೆ ಬರ್ತಿಲ್ಲ ಮೇಡಂ” ಎಂದೇ ನನ್ನಲ್ಲಿ ಸಲಹೆಗೆ ಬಂದ ಸುಮತಿ ಮಾತು ಶುರು ಮಾಡಿದ್ದು. (ಹೆಸರು ಬೇರೆ. ಗುರುತು ಹತ್ತುವ ವಿವರಗಳನ್ನೂ ಬದಲಿಸಿದ್ದೇನೆ.) ವಯಸ್ಸು 46, ತವರು ಉಡುಪಿ ಜಿಲ್ಲೆಯ ಶಂಕರಪುರದ ಕಡೆ, ಮನೆ ಮುಂಬಯಿ ಹತ್ತಿರದ ಡೊಂಬಿವಲಿ. ಗಂಡ ಹೋಟೆಲಿನಲ್ಲಿ ಕ್ಯಾಶಿಯರ್. ಎಂಟು ತಿಂಗಳ ಹಿಂದೆ ಮನೆಯಲ್ಲೇ ಹೂವಿನ ವ್ಯಾಪಾರಕ್ಕೆ ಇಳಿದಿದ್ದರು. ಪೂಜೆಗೆ ಹಾರ, ಮುಡಿಗೆ ಮಲ್ಲಿಗೆ, ಸೀಮಂತ, ನಾಮಕರಣಕ್ಕೆ ಅಲಂಕಾರ. ವಾರಕ್ಕೆ ಐದು ದಿನ ನಸುಕಿನ ಲೋಕಲ್ ಹಿಡಿದು ದಾದರಿನ ಹೂ ಮಾರುಕಟ್ಟೆಗೆ ಹೋಗುತ್ತಿದ್ದರು.

ಐದು ದಿನ ಹಾಗೆ ಎದ್ದರೆ ಯಾರಿಗೆ ತಾನೇ ನಿದ್ರೆ ಬಂದೀತು? ಬಿಪಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಮಾರುಕಟ್ಟೆಗೆ ಎರಡೇ ದಿನ ಹೋಗಿ ಎಂದು ಕಳಿಸುವುದರಲ್ಲಿದ್ದೆ. ಅಷ್ಟರಲ್ಲಿ ಜೊತೆಗೆ ಬಂದಿದ್ದ ಮಗಳು, “ಅಮ್ಮ ಚೀಟಿ ದುಡ್ಡು ಮುಟ್ಟಿದ್ದಾಳೆ, ಅಪ್ಪನಿಗೆ ಗೊತ್ತಿಲ್ಲ” ಎಂದಳು. ಮುಂದಿನ ಸಲ ಲೆಕ್ಕದ ಪುಸ್ತಕ ತನ್ನಿ ಎಂದೆ.

ಪುಸ್ತಕದಲ್ಲಿ ಖರೀದಿ ಅಚ್ಚುಕಟ್ಟಾಗಿತ್ತು: ಶೇವಂತಿ ಇಷ್ಟು, ಝೆಂಡು (ಚೆಂಡುಹೂ) ಇಷ್ಟು, ನಾರು, ಆಟೋ. ವಸೂಲಿಯ ಕಡೆ ಮಾತ್ರ ಹೆಸರಿನ ಕೆಳಗೆ ಹೆಸರು, ಪಕ್ಕದಲ್ಲಿ “ಮನೆಯವರು”. ನಾದಿನಿಯ ಮಗಳ ಸೀಮಂತದ ಪುಟ ತೆಗೆದೆವು. ಹೂವಿಗೆ 2,800, ಆಟೋಗೆ 300, ಕೈಜೋಡಿಸಿದ ಹುಡುಗಿಗೆ 400. ಸುಮತಿ ತೆಗೆದುಕೊಂಡದ್ದು 3,500. ಹತ್ತು ಗಂಟೆ ಕೂತು ಕಟ್ಟಿದ ಕೈಗೆ ಏನೂ ಇಲ್ಲ. ಅವರ ತೋರುಬೆರಳಿನಲ್ಲಿ ಬಾಳೆನಾರು ಎಳೆದೆಳೆದು ಬಿದ್ದ ಗೆರೆ ಕಾಣುತ್ತಿತ್ತು.

“ನಮ್ಮೋರ ಹತ್ರ ಹ್ಯಾಗೆ ಕೇಳುದು ಮೇಡಂ? ಮನೆಗೆ ಬಂದ ಹೆಣ್ಣಿಗೆ ಹೂ ಕೊಟ್ಟು ಕಳಿಸುವವರು ನಾವು.”

ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಧೈರ್ಯ ಸಾಲದು, ಮಾರ್ಕೆಟಿಂಗ್ ಕಲಿಯಿರಿ ಎಂದು ಯಾರೋ ಆಗಲೇ ಉಪದೇಶ ಮಾಡಿದ್ದರಂತೆ. ಕತ್ತಲಲ್ಲಿ ದಾದರಿಗೆ ಹೋಗಿ ಮರಾಠಿಯಲ್ಲಿ ಚೌಕಾಶಿ ಮಾಡುವವರಿಗೆ ಧೈರ್ಯ ಸಾಲದೇ! ಕೊಳ್ಳುವಾಗ ಬಾಯಿ ಇದೆ, ಕೊಡುವಾಗ ಇಲ್ಲ. ಹೂವು ಅವರಿಗೆ ಇನ್ನೂ ಉಡುಗೊರೆಯಾಗಿಯೇ ಉಳಿದಿತ್ತು.

ನಾದಿನಿಯ ಪಾತ್ರ ನಾನೇ ವಹಿಸಿ, “ಸ್ವಲ್ಪ ಕಮ್ಮಿ ಮಾಡೇ” ಎಂದು ಕೇಳಿ ನೋಡಿದೆ. ಮೂರು ಸಲವೂ ಸುಮತಿ ನಕ್ಕು ಕಮ್ಮಿ ಮಾಡಿಬಿಟ್ಟರು. ಆ ಉಪಾಯ ಕೈಬಿಟ್ಟು ತವರಿನ ವಿಷಯ ಕೇಳಿದೆ. ಅಮ್ಮ ಮಲ್ಲಿಗೆ ಬೆಳೆದು ಕಟ್ಟೆಗೆ, ಅಂದರೆ ಊರಿನ ಹೂ ಕೊಳ್ಳುವ ಜಾಗಕ್ಕೆ, ಕೊಡುತ್ತಿದ್ದರಂತೆ, ಮಾಲೆ ಸುತ್ತಿದ ನಾಲ್ಕು ಚೆಂಡಿಗೆ ಒಂದು ಅಟ್ಟೆಯ ಲೆಕ್ಕದಲ್ಲಿ.

“ದರ ಅಮ್ಮ ಹೇಳ್ತಿದ್ರಾ?”

“ಇಲ್ಲಪ್ಪ. ದಿನಾ ಕಟ್ಟೆಯಲ್ಲೇ ದರ ಆಗುದು. ನೆಂಟರಿಗೂ ಅದೇ.”

ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, “ನಂಗೊಂದು ಕಟ್ಟೆ ಬೇಕು ಅಲ್ವಾ ಮೇಡಂ?” ಎಂದರು.

ನನ್ನ ಸಲಹೆ ಅಲ್ಲಿಂದಲೇ ಹೊರಟಿತು. ಪ್ರತಿ ಸೋಮವಾರ ದರಪಟ್ಟಿ ಬರೆದು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸುವುದು, ನಾದಿನಿಗೂ ಅದೇ. ಹೂವಿನ ಬೆಲೆ ಒಂದು ಸಾಲು, ಕಟ್ಟುವ ಕೂಲಿ ಬೇರೆ ಸಾಲು. ಅಲಂಕಾರಕ್ಕೆ ಅರ್ಧ ಮುಂಗಡ. ದಸರೆಗೆ ಝೆಂಡು ದಿಢೀರನೆ ಏರುವುದರಿಂದ, ಆಗ ಮಾತ್ರ “ಆ ದಿನದ ದರ” ಎಂದು ಮೊದಲೇ ಬರೆಯುವುದು. ಪಿತೃಪಕ್ಷದಲ್ಲಿ ಶುಭಕಾರ್ಯವಿಲ್ಲ, ಆ ಹದಿನೈದು ದಿನ ಹಳೆ ಬಾಕಿ ವಸೂಲಿಗೆ. ಉಡುಗೊರೆ ಕೊಡಲೇಬೇಕೆನಿಸಿದರೆ ಕೊಡಿ, ಆದರೆ ಪುಸ್ತಕದಲ್ಲಿ “ಉಡುಗೊರೆ” ಎಂದೇ ಬರೆಯಿರಿ ಎಂದೆ.

ಸಣ್ಣ ವ್ಯಾಪಾರಕ್ಕೆಂದು ಸರ್ಕಾರದ ಮುದ್ರಾ ಯೋಜನೆಯಲ್ಲಿ ಸಿಗುವ, 50,000ದವರೆಗಿನ ಶಿಶು ಸಾಲದ ಯೋಚನೆಯೂ ಅವರಿಗಿತ್ತು. ಈಗ ಬೇಡ, ಬಂದರೆ ಅದೂ ಇದೇ ತೂತಿನಲ್ಲಿ ಸೋರುತ್ತದೆ ಎಂದೆ. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್‌ಗೆ ಏಜೆಂಟನೊಬ್ಬ 1,500 ಕೇಳಿದ್ದನಂತೆ. ಸರ್ಕಾರಿ ಪೋರ್ಟಲಿನಲ್ಲಿ ಅದು ಪುಕ್ಕಟೆ, ಮಗಳೇ ಮಾಡಿದಳು.

ಚೀಟಿ ದುಡ್ಡಿನ ವಿಷಯವನ್ನು ಗಂಡನಿಗೆ ಸುಮತಿಯೇ ಹೇಳಬೇಕು ಎಂದಿದ್ದೆ. ನನ್ನ ಕೋಣೆಯಲ್ಲೇ ಹೇಳಿದರು. ಗಂಡ ರೇಗಲಿಲ್ಲ. ಪುಸ್ತಕ ತೆಗೆದುಕೊಂಡು, ಅಭ್ಯಾಸಬಲವೋ ಏನೋ, ಕೂಡಿಸತೊಡಗಿದರು. ಒಂದು ಕಡೆ ಕೂಡಿಕೆ ತಪ್ಪಿದ್ದನ್ನೂ ಹಿಡಿದರು. ಈಗ ವಸೂಲಿ ಲೆಕ್ಕ ಅವರದು.

ಮೂರು ತಿಂಗಳಾಯಿತು. ದಾದರಿಗೆ ವಾರದಲ್ಲಿ ಎರಡೇ ದಿನ. ನಿದ್ರೆ ಮುಕ್ಕಾಲು ಸರಿಹೋಗಿದೆ. ನಾದಿನಿ ಮಾತ್ರ ಮೊಮ್ಮಗುವಿನ ನಾಮಕರಣದ ಅಲಂಕಾರವನ್ನು ಬೇರೆಯವರಿಗೆ ಕೊಟ್ಟಳು. ಸುಮತಿ ಹೋಗಿ ಊಟ ಮಾಡಿ ಬಂದರಂತೆ. “ಹಾರ ಸಡಿಲ ಕಟ್ಟಿದ್ರು ಮೇಡಂ” ಎಂದವರು ಅತ್ತೇಬಿಟ್ಟರು. ಮುಂದಿನ ಭೇಟಿ ಅದರ ಬಗ್ಗೆ.