ಮೂವತ್ತು ಗಂಟೆಯ ಸರ್ಟಿಫಿಕೇಟು, ಇಪ್ಪತ್ತು ಚೀಟಿ

ಪ್ರಶ್ನೆ: ನಮ್ಮ ಮನೆಮಂದಿಗೆಲ್ಲ ಔಷಧಿ ಕೊಡುವ ಡಾಕ್ಟರಿಗೆ ಈಗ ಅರವತ್ತೈದು. ಕೈಗುಣ ಚೆನ್ನಾಗಿದೆ. ಆದರೆ ಹೊಸದನ್ನು ಓದಿಕೊಳ್ಳುತ್ತಾರೋ ಇಲ್ಲವೋ ನಮಗೆ ಗೊತ್ತಾಗುವುದು ಹೇಗೆ? ಕೇಳಿದರೆ ಬೇಜಾರು ಮಾಡಿಕೊಂಡಾರು ಎಂಬ ಅಳುಕು.
– ಗೃಹಿಣಿ, ಸಾಗರ

ಉತ್ತರ: ಕೈಗುಣ ಎನ್ನುವುದು ಸುಳ್ಳಲ್ಲ, ನಂಬಿಕೆಯಿಂದ ಅರ್ಧ ಕಾಯಿಲೆ ಹಗುರಾಗುತ್ತದೆ. ಆದರೆ ವರ್ಷ ಕಳೆದಂತೆ ತಿಳಿವಳಿಕೆ ತಾನಾಗಿಯೇ ಬೆಳೆಯುವುದಿಲ್ಲ. 2005ರಲ್ಲಿ ಅಮೆರಿಕದ ಸಂಶೋಧಕರು 62 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸೇವಾವಧಿ ಹೆಚ್ಚಿದಂತೆ ವೈದ್ಯರ ಕೆಲಸದ ಗುಣಮಟ್ಟ ತಗ್ಗಿದ್ದು ಕಂಡುಬಂತು. ಕಾಲೇಜಿನಲ್ಲಿ ಕಲಿತದ್ದು ಅಭ್ಯಾಸವಾಗಿ ಗಟ್ಟಿಯಾದರೆ ಹೀಗಾಗುತ್ತದೆ. ಅರವತ್ತೈದು ಎನ್ನುವುದೊಂದೇ ಚಿಂತೆಗೆ ಕಾರಣವಲ್ಲ.

ನೀವೇ ಗಮನಿಸಬಹುದಾದ ಒಂದೆರಡು ಗುರುತುಗಳಿವೆ. ಬಿಪಿ ನೋಡುವ ಮೊದಲು ಐದು ನಿಮಿಷ ಕೂರಿಸುತ್ತಾರೆಯೇ? ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ ಇರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಬೇಡದ ಮಾತ್ರೆ ಶುರುವಾಗುತ್ತದೆ. ಇನ್ನೊಂದು, ಉಬ್ಬಸ. ದೊಡ್ಡವರಿಗೆ ಬರೀ ನೀಲಿ ಬಣ್ಣದ ಸಾಲ್ಬುಟಮಾಲ್ ಇನ್‌ಹೇಲರ್ ಸಾಲದು, ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ ಜೊತೆಗಿರಲೇಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಮನೆಯಲ್ಲಿ ವರ್ಷಗಟ್ಟಲೆ ನೀಲಿಯೊಂದೇ ನಡೆದಿದ್ದರೆ ಕೇಳಿ.

ವರ್ಷಕ್ಕೊಮ್ಮೆ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ‘ಡಾಕ್ಟ್ರೇ, ಇದರಲ್ಲಿ ಯಾವುದಾದರೂ ನಿಲ್ಲಿಸಬಹುದಾ?’ ಎನ್ನಿ. ‘ನೋಡಿ ಹೇಳ್ತೀನಮ್ಮ’ ಎಂದು ಪುಸ್ತಕವನ್ನೋ ಫೋನನ್ನೋ ತೆರೆಯುವ ಡಾಕ್ಟರನ್ನು ಬಿಡಬೇಡಿ.

ಪ್ರಶ್ನೆ: ನೋಂದಣಿ ನವೀಕರಣಕ್ಕೆ ಐದು ವರ್ಷಕ್ಕೆ 30 ಗಂಟೆ ಸಿಎಂಇ (ವೈದ್ಯರ ಮುಂದುವರಿಕೆ ಶಿಕ್ಷಣ) ಬೇಕು. ಭಾನುವಾರ ಹೋಗಿ ಸಹಿ ಹಾಕಿ, ಸ್ಲೈಡು ನೋಡಿ, ಊಟ ಮುಗಿಸಿ ಬರುತ್ತೇನೆ. ಸೋಮವಾರ ಬರೆಯುವ ಚೀಟಿ ಮಾತ್ರ ಹಳೆಯದೇ. ನಿಜವಾಗಿ ಕಲಿಯುವುದು ಹೇಗೆ?
– ತಾಲ್ಲೂಕು ಕೇಂದ್ರದ ವೈದ್ಯರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ. ಲೆಕ್ಕ ಹಾಕಿದರೆ 30 ಗಂಟೆ ಎಂದರೆ ತಿಂಗಳಿಗೆ ಅರ್ಧ ಗಂಟೆ. ಅದು ಕನಿಷ್ಠ ಮಿತಿ, ಅಷ್ಟೇ. ಕೂತು ಕೇಳುವ ಉಪನ್ಯಾಸದಿಂದ ಚಿಕಿತ್ಸೆಯ ರೀತಿ ಬದಲಾಗುವುದು ಬಹಳ ಕಡಿಮೆ. ತನ್ನ ಕೆಲಸವನ್ನು ತಾನೇ ಎಣಿಸಿ ನೋಡಿದಾಗ ಕಣ್ಣು ತೆರೆಯುತ್ತದೆ, ಏಕೆಂದರೆ ನಾವು ಮಾಡುತ್ತೇವೆ ಎಂದುಕೊಂಡದ್ದಕ್ಕೂ ಮಾಡಿದ್ದಕ್ಕೂ ಅಂತರವಿರುತ್ತದೆ.

ಮಕ್ಕಳ ಭೇದಿಯಿಂದ ಶುರುಮಾಡಿ. ನಮ್ಮಲ್ಲಿ ಚೀಟಿ ರೋಗಿಯ ಜೊತೆ ಮನೆಗೆ ಹೋಗಿಬಿಡುತ್ತದೆ, ಕ್ಲಿನಿಕ್ಕಿನಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಕಾರ್ಬನ್ ಹಾಕಿ ಬರೆಯಿರಿ, ಇಲ್ಲವೇ ಹೆಸರು ಮುಚ್ಚಿ ಫೋಟೊ ತೆಗೆಯಿರಿ. ಐದು ವರ್ಷದೊಳಗಿನ, ರಕ್ತವಿಲ್ಲದ ಭೇದಿಯ ಸತತ 20 ಚೀಟಿ ಸಾಕು. ಪ್ರತಿಯೊಂದಕ್ಕೂ ನಾಲ್ಕು ಗೆರೆ: ಓಆರ್‌ಎಸ್ ಬರೆದಿದ್ದೇನೆಯೇ, ಸತುವು, ಅಂದರೆ ಜಿಂಕ್, 14 ದಿನಕ್ಕೆ ಬರೆದಿದ್ದೇನೆಯೇ (ಆರು ತಿಂಗಳ ಮೇಲ್ಪಟ್ಟವರಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳವರಿಗೆ 10), ಬೇಡದ ಆ್ಯಂಟಿಬಯೋಟಿಕ್ ಬರೆದಿದ್ದೇನೆಯೇ, ದೊಡ್ಡ ಪೊಟ್ಟಣವನ್ನು ಪೂರಾ ಒಂದು ಲೀಟರ್ ನೀರಿಗೆ ಕಲಸಬೇಕೆಂದು ತಾಯಿಗೆ ಹೇಳಿದ್ದೇನೆಯೇ. ಲೋಟಕ್ಕಿಷ್ಟು ಪುಡಿ ಎಂದು ಅಂದಾಜಿನಲ್ಲಿ ಹಾಕಿದರೆ ದ್ರಾವಣ ಗಟ್ಟಿಯಾಗಿ ಭೇದಿ ಹೆಚ್ಚುತ್ತದೆ. ಓಆರ್‌ಎಸ್ ದ್ರಾವಣದ ಸಾಂದ್ರತೆಯೇ 2002ರಲ್ಲಿ ಲೀಟರಿಗೆ 311ರಿಂದ 245 ಮಿಲಿಆಸ್ಮೋಲಿಗೆ (ಕರಗಿದ ಲವಣ, ಸಕ್ಕರೆಯ ಅಳತೆ) ಇಳಿದದ್ದೂ ಭೇದಿಯನ್ನು ಕಡಿಮೆ ಮಾಡಲೆಂದೇ.

ಇದು ಕೆಡುವುದು ಮೂರು ಕಡೆ. ಚೆನ್ನಾಗಿ ಬರೆದ ಚೀಟಿಗಳನ್ನೇ ಆರಿಸಿಕೊಳ್ಳುವುದು, ಅದಕ್ಕೇ ‘ಸತತ’ ಎಂದದ್ದು. ಒಮ್ಮೆಗೇ ಹತ್ತು ಕಾಯಿಲೆ ಹಿಡಿದು ಒಂದನ್ನೂ ಮುಗಿಸದಿರುವುದು. ಎಲ್ಲಕ್ಕಿಂತ ಹೆಚ್ಚಾಗಿ, ಮತ್ತೆ ಎಣಿಸದಿರುವುದು. ಮೂರು ತಿಂಗಳ ನಂತರ ಇನ್ನೊಂದು ಇಪ್ಪತ್ತು ಚೀಟಿ ನೋಡದಿದ್ದರೆ ಮೊದಲ ಎಣಿಕೆ ದಂಡ. ಪಕ್ಕದೂರಿನ ಇಬ್ಬರು ವೈದ್ಯರು ಜೊತೆ ಸೇರಿದರೆ ಬಹಳ ಒಳ್ಳೆಯದು, ಒಬ್ಬರ ಚೀಟಿಯನ್ನು ಇನ್ನೊಬ್ಬರು ಎಣಿಸಬಹುದು.

ಕೈಕೆಲಸ ಬೇರೆ ಮಾತು, ಅದಕ್ಕೆ ಓದು ಸಾಲದು. ಹೃದಯ ನಿಂತವರ ಎದೆ ಒತ್ತುವುದನ್ನು (ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್) ಕಲಿತ ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ. ಆರು ತಿಂಗಳಿಗೊಮ್ಮೆ ನರ್ಸ್, ಕಾಂಪೌಂಡರ್ ಸಮೇತ ಬೊಂಬೆಯ ಮೇಲೆ ಎರಡು ನಿಮಿಷ ಮಾಡಿ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ಡಾಕ್ಟರು. ಪ್ರತಿ ವರ್ಷ ‘ಅಪ್ರೈಸಲ್’ ಎಂದು ಒದ್ದಾಡುತ್ತಾಳೆ. ಅದು ಪರೀಕ್ಷೆಯೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಪರೀಕ್ಷೆಯಲ್ಲ. ಅಲ್ಲಿ 2012ರ ಡಿಸೆಂಬರ್‌ನಿಂದ ಐದು ವರ್ಷಕ್ಕೊಮ್ಮೆ ಮರುಮಾನ್ಯತೆ ಪಡೆಯಬೇಕು. ಅದಕ್ಕೆ ವರ್ಷವರ್ಷದ ಅಪ್ರೈಸಲ್ ಆಧಾರ. ಅಲ್ಲಿನ ವೈದ್ಯಕೀಯ ಮಂಡಳಿ ಇಷ್ಟೇ ಗಂಟೆ ಎಂದು ಹೇಳುವುದಿಲ್ಲ. ಕಲಿತದ್ದರಿಂದ ಏನು ಬದಲಾಯಿತು, ಎಲ್ಲಿ ಎಡವಿದ್ದಾಯಿತು, ದೂರು ಬಂದಿತೇ, ಸಹೋದ್ಯೋಗಿಗಳೂ ರೋಗಿಗಳೂ ಏನು ಹೇಳಿದರು ಎಂಬುದನ್ನೆಲ್ಲ ಬರೆದಿಟ್ಟು ಇನ್ನೊಬ್ಬ ವೈದ್ಯರೆದುರು ಕೂತು ಮಾತಾಡಬೇಕು. ಒದ್ದಾಟವೆಲ್ಲ ಕೊನೆಯ ವಾರಕ್ಕೆ ಬಿಟ್ಟದ್ದರಿಂದ ಇರಬಹುದು. ಕಲಿತ ದಿನವೇ ನಾಲ್ಕು ಸಾಲು, ರೋಗಿಯ ಹೆಸರಿಲ್ಲದೆ, ಬರೆದಿಡಲು ಹೇಳಿ.