ಮೇಷ್ಟ್ರ ಫೋಟೊಗೆ ಹಾಗೆ ಬರೆಯಬಾರದಿತ್ತೇ?

ಪ್ರಶ್ನೆ: ಸಾಗರದ ಹತ್ತಿರದ ಊರಿನವಳು, 36 ವರ್ಷ. ನಮ್ಮ ಹವ್ಯಾಸಿ ಛಾಯಾಗ್ರಾಹಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಿಂಗಳಿಗೊಂದು ವಿಷಯ ಕೊಟ್ಟು ಸ್ಪರ್ಧೆ ನಡೆಸುತ್ತಾರೆ. ಹಿಂದಿನ ಸಲ ಗೆದ್ದವರು ಈ ಸಲದ ಫೋಟೊಗಳಿಗೆ ಅಭಿಪ್ರಾಯ ಬರೆಯಬೇಕು. ಈ ತಿಂಗಳು ಸರದಿ ನನ್ನದು, ವಿಷಯ ‘ಕೈ’. ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ನಿವೃತ್ತ ಮೇಷ್ಟ್ರು ಅಡಿಕೆ ಸುಲಿಯುವ ಫೋಟೊ ಹಾಕಿದ್ದರು. ‘ಇದರಲ್ಲಿ ಕೈ ಎಲ್ಲಿದೆ? ಗ್ರೂಪ್ ಫೋಟೊ ಥರ ಇದೆ’ ಎಂದು ಬರೆದೆ. ಅವರು ಏನೂ ಹೇಳದೆ ಗುಂಪು ಬಿಟ್ಟರು. ‘ನಾವೆಲ್ಲ ಹವ್ಯಾಸಿಗಳು, ಯಾಕೆ ಬೇಕಿತ್ತು’ ಎಂದು ಉಳಿದವರು ನನ್ನನ್ನೇ ದೂರುತ್ತಿದ್ದಾರೆ. ನಾನು ಸುಳ್ಳು ಹೇಳಿಲ್ಲ. ‘ಮಳೆ’ ವಿಷಯಕ್ಕೆ ನಾನು ಹಾಕಿದ್ದ ಜೋಗದ ಫೋಟೊ ‘ವಿಷಯಕ್ಕೆ ಹೊಂದುವುದಿಲ್ಲ’ ಎಂದು ತೀರ್ಪುಗಾರರು ಹೇಳಿದಾಗ ನನಗೂ ಬೇಜಾರಾಗಿತ್ತು, ಆದರೂ ಗುಂಪು ಬಿಡಲಿಲ್ಲ. ಇನ್ನೂ ಕೆಲವು ಫೋಟೊಗಳಿಗೆ ಬರೆಯುವುದು ಬಾಕಿ ಇದೆ. ಎಲ್ಲರಿಗೂ ‘ಸೂಪರ್’ ಎಂದು ಬರೆದು ಸುಮ್ಮನಾಗಲೇ?
– ಹೆಸರು ಬೇಡ

ಉತ್ತರ: ನೀವು ಸುಳ್ಳು ಹೇಳಿಲ್ಲ, ಒಪ್ಪಿದೆ. ಪತ್ರದ ಜೊತೆ ಕಳಿಸಿದ ಮೇಷ್ಟ್ರ ಫೋಟೊವನ್ನು ನಾನೂ ನೋಡಿದೆ. ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದಿಟ್ಟುಕೊಂಡು ಕೂತಿದ್ದಾರೆ. ಹೆಚ್ಚಿನವರು ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಟ್ಯೂಬ್‌ಲೈಟಿನ ಬೆಳಕು ಎಲ್ಲರ ಹಣೆಗೂ ಬಿದ್ದು ಮುಖಗಳೇ ಎದ್ದು ಕಾಣುತ್ತವೆ, ಕೈಗಳ ಕಡೆ ಕಣ್ಣು ಹೋಗುವುದೇ ಇಲ್ಲ.

ಆದರೆ ಎಡಗಡೆ ಕೆಳಮೂಲೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ನೋಡಿದಿರಾ? ಅವರೊಬ್ಬರು ತಲೆ ಎತ್ತಿಲ್ಲ. ಹೆಬ್ಬೆರಳಿಗೆ ಬಟ್ಟೆಚೂರು ಸುತ್ತಿಕೊಂಡಿದ್ದಾರೆ. ಕತ್ತಿಗೆ ಒತ್ತಿದ ಅಡಿಕೆಯ ಸಿಪ್ಪೆ ಅರ್ಧ ಬಿಟ್ಟಿದೆ, ಇನ್ನರ್ಧ ಬಿಡಬೇಕು. ಬಲಗೈ ಮಸುಕಾಗಿದೆ. ಅಷ್ಟನ್ನು ಕ್ರಾಪ್ ಮಾಡಿದ್ದರೆ ಈ ತಿಂಗಳ ವಿಷಯಕ್ಕೆ ಬೇರೆ ಫೋಟೊ ಬೇಕಿರಲಿಲ್ಲ ಎಂದು ನನಗನ್ನಿಸಿತು. ‘ಕೈ ಎಲ್ಲಿದೆ’ ಎಂದು ನೀವು ಕೇಳಿದಿರಿ. ಅದನ್ನು ಹುಡುಕಿ ತೋರಿಸುವುದೇ ನಿಮ್ಮ ಸರದಿಯ ಕೆಲಸವಾಗಿತ್ತು.

ಆ ಮಸುಕಿನ ವಿಷಯವೂ ಹಾಗೆಯೇ. ಶಟರ್ ತೆರೆದಿರುವ ಹೊತ್ತು 1/30 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಸುಲಿಯುವ ಕೈ ಹೀಗೆ ಓಡುತ್ತದೆ, 1/500ಕ್ಕೆ ಏರಿಸಿದರೆ ನಿಂತುಬಿಡುತ್ತದೆ. ಆದರೆ ರಾತ್ರಿ ಟ್ಯೂಬ್‌ಲೈಟಿನಲ್ಲಿ ಅಷ್ಟು ಏರಿಸಬೇಕಾದರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಕೂಡ ಏರಿಸಬೇಕು, ಫೋಟೊ ತುಂಬ ಕಾಳುಕಾಳು. ಮೇಷ್ಟ್ರಿಗೆ ಬೇರೆ ದಾರಿ ಇರಲಿಲ್ಲವೋ, ಕೆಲಸದ ವೇಗವನ್ನೇ ತೋರಿಸಬೇಕಿತ್ತೋ? ಕೇಳದೆ ಗೊತ್ತಾಗುವುದಿಲ್ಲ. ಅಭಿಪ್ರಾಯ ಬರೆಯುವವರು ಮೊದಲು ಕೇಳಬೇಕಾದ ಪ್ರಶ್ನೆ ಅದೊಂದೇ: ನೀವು ಏನು ತೋರಿಸಬೇಕು ಅಂದುಕೊಂಡಿರಿ?

ಜೋಗದ ವಿಷಯಕ್ಕೆ ಬರೋಣ. ನಿಮ್ಮ ಆ ಫೋಟೊದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ನಿಚ್ಚಳವಾಗಿ ಕಾಣುತ್ತಿವೆ ಎಂದರೆ ಆ ಹೊತ್ತಿಗೆ ಅಲ್ಲಿ ಮಳೆ ಇರಲಿಲ್ಲ ಎಂದೇ ಅರ್ಥ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಜಡಿಮಳೆಯಲ್ಲಿ ಜೋಗ ನೋಡಲು ಹೋದವರು ಮಂಜು ನೋಡಿ ವಾಪಸ್ ಬರುತ್ತಾರೆ. ತೀರ್ಪುಗಾರರು ಹೇಳಿದ್ದು ಫೋಟೊ ವಿಷಯಕ್ಕೆ ಕೂರುವುದಿಲ್ಲ ಎಂದು. ಫೋಟೊ ಕೆಟ್ಟದ್ದು ಎಂದು ಅವರೆಲ್ಲೂ ಹೇಳಿಲ್ಲ. ಬೇರೆ ವಿಷಯ ಬಂದಾಗ ಅದನ್ನೇ ಧೈರ್ಯವಾಗಿ ಕಳಿಸಿ.

ನಾನು ಗುಂಪು ಬಿಡಲಿಲ್ಲ ಎನ್ನುತ್ತೀರಿ. ಸರಿ, ಆದರೆ ನಿಮಗೆ ಹೇಳಿದವರು ತೀರ್ಪುಗಾರರು. ನೀವೇ ಕೈಹಿಡಿದು ಕಲಿಸಿದ ಹುಡುಗಿ ಎಲ್ಲರೆದುರು ಹಾಗೆ ಬರೆದಿದ್ದರೆ? ನಮ್ಮಲ್ಲಿ ಫೋಟೊಗ್ರಫಿ ಬೆಳೆದದ್ದೇ ಹಿರಿಯರ ಹತ್ತಿರ ಕೂತು. ಹಿರಿಯ ಛಾಯಾಗ್ರಾಹಕ ಒ.ಸಿ. ಎಡ್ವರ್ಡ್ಸ್ ಅವರಲ್ಲಿ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಪಳಗಿದರು, ಪೆರುಮಾಳ್ ಅವರಲ್ಲಿ ಮುಂದಿನ ಎಷ್ಟೋ ಮಂದಿ. ಶಿಷ್ಯರು ಮೇಷ್ಟ್ರ ಫೋಟೊ ತಿದ್ದುವ ಅಭ್ಯಾಸ ಮಾತ್ರ ನಮಗಿನ್ನೂ ಅಷ್ಟಾಗಿ ಆಗಿಲ್ಲ. ತಿದ್ದಬಾರದು ಎಂದಲ್ಲ. ಎದುರು ಕೂತು ಹೇಳಿದರೆ ನಿಲ್ಲುವ ಮಾತು ಗುಂಪಿನಲ್ಲಿ ಒಂದು ಸಾಲು ಬರೆದರೆ ಚುಚ್ಚುತ್ತದೆ.

ಮೆಸೇಜ್ ಬೇಡ, ಮನೆಗೇ ಹೋಗಿ. ‘ಸರ್, ನಾನು ಬರೆದ ರೀತಿ ಸರಿಯಿರಲಿಲ್ಲ’ ಎಂದು ಅಲ್ಲಿಗೆ ನಿಲ್ಲಿಸಿ. ‘ಆದರೆ’ ಎಂದು ಮುಂದುವರಿಸಿದಿರೋ, ಕೆಟ್ಟಿತು. ಹಾಗಂತ ‘ಫೋಟೊ ಚೆನ್ನಾಗೇ ಇತ್ತು’ ಎಂದು ಪ್ಲೇಟು ಬದಲಿಸಲೂ ಹೋಗಬೇಡಿ. ಎಷ್ಟು ಮಕ್ಕಳ ಸುಳ್ಳು ಹಿಡಿದವರೋ ಅವರು, ತಕ್ಷಣ ಗೊತ್ತಾಗುತ್ತದೆ. ಮಾತು ತಿಳಿಯಾದ ಮೇಲೆ ಆ ಅಜ್ಜಿಯ ಬಗ್ಗೆ ಕೇಳಿ. ಸಾಧ್ಯವಾದರೆ ಜೋಗದ ಫೋಟೊವನ್ನೂ ಮುಂದಿಟ್ಟು ‘ಇದರಲ್ಲಿ ಏನು ಮಾಡಬಹುದಿತ್ತು ಸರ್’ ಎನ್ನಿ. ಅವರು ಮತ್ತೆ ಗುಂಪಿಗೆ ಬಂದರೆ ಸಂತೋಷ, ಬರದಿದ್ದರೆ ಒತ್ತಾಯ ಬೇಡ.

‘ಸೂಪರ್’ ಬರೆಯುವುದು ಪಾಪವೇನಲ್ಲ. ಕೆಲವರು ಫೋಟೊ ಹಾಕುವುದೇ ನಾಲ್ಕು ಜನ ನೋಡಲಿ ಎಂದು, ಅವರಿಗೆ ಅಷ್ಟು ಸಾಕು. ಕಲಿಯಬೇಕು ಎಂದು ಹಾಕಿದವರಿಗೂ ಅದನ್ನೇ ಕೊಟ್ಟರೆ ಮೋಸ. ಯಾರು ಯಾರೆಂದು ಊಹಿಸುವ ಕಷ್ಟ ನಿಮಗೆ ಯಾಕೆ? ಫೋಟೊ ಹಾಕುವಾಗಲೇ ಅಭಿಪ್ರಾಯ ಬೇಕೋ ಬೇಡವೋ, ಏನು ತೋರಿಸಹೊರಟೆ ಎಂದು ಒಂದು ಸಾಲು ಬರೆಯುವ ನಿಯಮ ಮಾಡಲು ಅಡ್ಮಿನ್‌ಗೆ ಹೇಳಿ. ಫಲಿತಾಂಶ ಬರುವವರೆಗೆ ಹೆಸರುಗಳು ಅಡ್ಮಿನ್ ಹತ್ತಿರವೇ ಇರಲಿ. ಗೆದ್ದವರೊಬ್ಬರ ತಲೆಗೇ ಕಟ್ಟುವ ಪದ್ಧತಿಯೂ ನನಗೆ ಸರಿ ಕಾಣುವುದಿಲ್ಲ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್‌ನ ಮಾನ್ಯತೆಯ ಸಲೋನ್‌ಗಳಲ್ಲೂ (ಫೋಟೊ ಸ್ಪರ್ಧೆಗಳಲ್ಲೂ) ಕನಿಷ್ಠ ಮೂವರು ತೀರ್ಪುಗಾರರಿರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವುದು ಅಂಕ ಅಥವಾ ಆಯ್ಕೆಯಾಯಿತು, ಇಲ್ಲ ಎಂಬ ಉತ್ತರ ಅಷ್ಟೇ, ಯಾಕೆ ಎಂದು ಯಾರೂ ಹೇಳುವುದಿಲ್ಲ. ಆ ‘ಯಾಕೆ’ ಸಿಗುವುದು ನಿಮ್ಮಂಥ ಗುಂಪಿನಲ್ಲೇ, ಅದಕ್ಕೇ ಗುಂಪು ಕೆಡಬಾರದು.

ಅಂದ ಹಾಗೆ, ನಿಮ್ಮವರಲ್ಲಿ ಯಾರಾದರೂ ಸಲೋನ್‌ನ ನೇಚರ್ ವಿಭಾಗಕ್ಕೆ ಕಳಿಸುವವರಿದ್ದರೆ ಸಲಹೆ ಕೊಡುವಾಗ ಹುಷಾರು. ಅಲ್ಲಿ ಕ್ರಾಪ್ ಮಾಡಬಹುದು, ಹಕ್ಕಿಗೆ ಅಡ್ಡ ಬಂದ ಕಡ್ಡಿಯನ್ನು ಫೋಟೊಶಾಪ್‌ನಲ್ಲಿ ಅಳಿಸುವಂತಿಲ್ಲ. ‘ಆ ಕಡ್ಡಿ ತೆಗೆದುಬಿಡಿ’ ಎಂಬ ನಿಮ್ಮ ಒಳ್ಳೆಯ ಮಾತಿಗೆ ಅವರ ಫೋಟೊ ಅನರ್ಹವಾದೀತು.

ಬಾಕಿ ಉಳಿದ ಫೋಟೊಗಳಿಗೆ ಖಂಡಿತ ಬರೆಯಿರಿ. ಮೇಷ್ಟ್ರ ಮನೆಗೆ ಹೋಗಿ ಬಂದ ಮೇಲೆ.